ಓಟಿ ಲೈಟ್ ಕೊಳ್ಳುವುದು ಹೇಗೆ: ಹ್ಯಾಲೊಜನ್ ಉಳಿಸಿಕೊಳ್ಳುವುದಾ, ಎಲ್‌ಇಡಿಗೆ ಹೋಗುವುದಾ?

ನಮ್ಮ ಕೊಡಗಿನ ಗೋಣಿಕೊಪ್ಪ, ಕುಶಾಲನಗರ, ವಿರಾಜಪೇಟೆ ಕಡೆಯ ಸಣ್ಣ ಆಸ್ಪತ್ರೆಯವರು ಆಪರೇಷನ್ ಥಿಯೇಟರಿನ (ಓಟಿ) ಲೈಟ್ ಬದಲಿಸಲು ಹೊರಟರೆ ಎರಡು ಥರದ ಮಾತು ಕಿವಿಗೆ ಬೀಳುತ್ತದೆ. "ಹ್ಯಾಲೊಜನ್ ಕಾಲ ಮುಗೀತು ಸಾರ್, ಎಲ್‌ಇಡಿ ಹಾಕಿಸಿಬಿಡಿ" ಎನ್ನುತ್ತಾರೆ ಒಬ್ಬರು. "ಸುಮ್ನೆ ಯಾಕೆ ದುಡ್ಡು ಸುರೀತೀರಿ, ಬೆಂಗಳೂರಲ್ಲಿ ಬಿಚ್ಚಿಟ್ಟ ಒಳ್ಳೇ ಹ್ಯಾಲೊಜನ್ ಡೋಮ್ ಇದೆ, ಕಡಿಮೆ ರೇಟಿಗೆ ಕೊಡಿಸ್ತೀನಿ" ಎನ್ನುತ್ತಾರೆ ಇನ್ನೊಬ್ಬರು. (ಡೋಮ್ ಅಂದರೆ ಬಲ್ಬುಗಳಿರುವ ಲೈಟಿನ ತಲೆಭಾಗ.) ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಉಳಿದರ್ಧ ತಿಳಿಯಬೇಕಾದರೆ ನಿಮ್ಮದೇ ಓಟಿಯಲ್ಲಿ ನಿಂತು ಅಳೆಯಬೇಕು. ಕೋಟೇಶನ್ ತರಿಸುವುದು ಆಮೇಲೆ.

ಮಾರುಕಟ್ಟೆ ಈಗ ಎಲ್ಲಿದೆ

ಹ್ಯಾಲೊಜನ್ ಬಲ್ಬಿಗೆ ಪೇಟೆಂಟ್ ಸಿಕ್ಕಿದ್ದು 1959ರಲ್ಲಿ, ಅಮೆರಿಕದ ಜಿಇ ಕಂಪನಿಗೆ. ಆಮೇಲೆ ದಶಕಗಳ ಕಾಲ ಓಟಿ ಲೈಟ್ ಅಂದರೆ ಹ್ಯಾಲೊಜನ್ ಎಂದೇ ಅರ್ಥ. 2000ದ ದಶಕದ ಮಧ್ಯದಲ್ಲಿ ಎಲ್‌ಇಡಿ ಓಟಿ ಲೈಟ್ ಬಂತು. ಈಗ ದೊಡ್ಡ ಕಂಪನಿಗಳ ಹೊಸ ಮಾಡೆಲ್ ಎಂದರೆ ಹೆಚ್ಚುಕಡಿಮೆ ಎಲ್ಲವೂ ಎಲ್‌ಇಡಿಯೇ. ಯುರೋಪಿನಲ್ಲಿ ಮನೆಬಳಕೆಯ ಮಾಮೂಲಿ ಹ್ಯಾಲೊಜನ್ ಬಲ್ಬುಗಳ ಮಾರಾಟಕ್ಕೆ 2018ರ ಸೆಪ್ಟೆಂಬರ್‌ನಲ್ಲಿ ತಡೆ ಬಿತ್ತು. ಆಸ್ಪತ್ರೆಯ ವಿಶೇಷ ಬಲ್ಬುಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಮನೆಬಳಕೆಯ ವ್ಯಾಪಾರ ಕುಗ್ಗಿದರೆ ಹ್ಯಾಲೊಜನ್ ತಯಾರಿಸುವ ಕಾರ್ಖಾನೆಗಳಿಗೆ ಆಸಕ್ತಿ ಕಡಿಮೆಯಾಗುವುದು ಸಹಜ ಅಲ್ವಾ?

ಹಾಗಾಗಿ ಹ್ಯಾಲೊಜನ್ ಪೇಟೆಯಲ್ಲಿ ಈಗ ಮುಖ್ಯವಾಗಿ ಓಡುವುದು ಎರಡು ಮಾಲು. ಒಂದು, ಹಳೇ ಡೋಮ್‌ಗಳಿಗೆ ಬೇಕಾದ ಬಿಡಿ ಬಲ್ಬ್. ಇನ್ನೊಂದು, ಎಲ್‌ಇಡಿ ಹಾಕಿಸಿಕೊಂಡ ದೊಡ್ಡ ಆಸ್ಪತ್ರೆಗಳು ಬಿಚ್ಚಿಹಾಕಿದ ಸೆಕೆಂಡ್ ಹ್ಯಾಂಡ್ ಡೋಮ್. ಬೆಲೆ ಇಳಿದಿರುವುದಕ್ಕೆ ಕಾರಣವೂ ಇದೇ. ಡೋಮ್ ಅಗ್ಗವಾಗಿ ಸಿಗುತ್ತದೆ, ಅದರ ಬಲ್ಬ್ ಮಾತ್ರ ವರ್ಷದಿಂದ ವರ್ಷಕ್ಕೆ ಹುಡುಕುವ ಸಾಮಾನಾಗುತ್ತದೆ.

ಮೊದಲು ಇರುವ ಲೈಟನ್ನೇ ಅಳೆಯಿರಿ

ಒಂದು ಲಕ್ಸ್ ಮೀಟರ್ ತನ್ನಿ, ಬೆಳಕು ಎಷ್ಟಿದೆ ಎಂದು ಲಕ್ಸ್ ಎಂಬ ಅಳತೆಯಲ್ಲಿ ತೋರಿಸುವ ಉಪಕರಣ ಅದು. ಕೊಳ್ಳುವಾಗ ರೇಂಜ್ ನೋಡಿ. ಅಗ್ಗದ ಎಷ್ಟೋ ಮೀಟರುಗಳು ಓಟಿ ಲೈಟಿನ ಬೆಳಕಿಗೆ ಸಾಲುವುದೇ ಇಲ್ಲ, 2 ಲಕ್ಷ ಲಕ್ಸ್‌ವರೆಗೆ ಓದುವಂಥದ್ದು ಬೇಕು. ಮೊಬೈಲ್ ಆ್ಯಪ್ ಈ ಕೆಲಸಕ್ಕೆ ಬೇಡ.

ಓಟಿಯ ಉಳಿದ ದೀಪ ಆರಿಸಿ. ಡೋಮ್‌ನ ಮುಖದಿಂದ ಸರಿಯಾಗಿ 1 ಮೀಟರ್ ಕೆಳಗೆ, ಟೇಬಲ್ ಮೇಲೆ ಮೀಟರಿನ ಕಣ್ಣು ಇಡಿ. ಹ್ಯಾಲೊಜನ್ ಬಲ್ಬ್ ಬಿಸಿಯೇರಿ ನಿಲ್ಲಲು ಕೆಲವು ನಿಮಿಷ ಬಿಡಿ. ಆಮೇಲೆ ನಡುಮಧ್ಯದ ರೀಡಿಂಗ್ ಬರೆದುಕೊಳ್ಳಿ. ಓಟಿ ಲೈಟುಗಳಿಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-41. ಅದರ ಪ್ರಕಾರ ನಡುವಿನ ಬೆಳಕು 40,000ದಿಂದ 1,60,000 ಲಕ್ಸ್ ಒಳಗಿರಬೇಕು. ಸಾಮಾನ್ಯ ಆಫೀಸಿನ ಮೇಜಿನ ಮೇಲೆ 500 ಲಕ್ಸ್ ಇದ್ದರೆ ಸಾಕು ಎನ್ನುತ್ತಾರೆ. ಇದು ಯಾವ ಮಟ್ಟದ ಬೆಳಕು ಎಂದು ಅದರಿಂದಲೇ ಅಂದಾಜು ಮಾಡಬಹುದು.

ನಡುವಿನ ಲೆಕ್ಕ ಒಂದೇ ಸಾಲದು. ಟೇಬಲ್ ಮೇಲೆ ಬಿಳಿ ಹಾಳೆ ಹಾಸಿ. ಮೀಟರನ್ನು ಮಧ್ಯದಿಂದ ಮೆಲ್ಲಗೆ ಹೊರಕ್ಕೆ ಸರಿಸಿ. ಬೆಳಕು ಅರ್ಧಕ್ಕೆ ಇಳಿದ ಕಡೆ ಪೆನ್ಸಿಲ್ ಗುರುತು ಹಾಕಿ, ಹತ್ತರಲ್ಲೊಂದಕ್ಕೆ ಇಳಿದ ಕಡೆ ಇನ್ನೊಂದು. ನಾಲ್ಕೂ ದಿಕ್ಕಿಗೆ ಹೀಗೆ ಮಾಡಿದರೆ ಹಾಳೆಯ ಮೇಲೆ ಎರಡು ವೃತ್ತ ಮೂಡುತ್ತವೆ. ಒಳಗಿನ ವೃತ್ತದ ಅಗಲ ಹೊರಗಿನದರ ಅರ್ಧಕ್ಕಿಂತ ಕಡಿಮೆ ಇರಬಾರದು. ವೃತ್ತ ಒಂದು ಕಡೆಗೆ ಎಳೆದಂತೆ ಮೊಟ್ಟೆಯಾಕಾರ ಬಂದರೆ ಬಲ್ಬ್ ಹೋಲ್ಡರಿನಲ್ಲಿ ಓರೆ ಕುಳಿತಿದೆ, ಇಲ್ಲವೇ ರಿಫ್ಲೆಕ್ಟರ್ (ಬೆಳಕನ್ನು ಟೇಬಲ್ ಕಡೆಗೆ ತಿರುಗಿಸುವ ಕನ್ನಡಿ) ಕದಲಿದೆ ಎಂದು ಅನುಮಾನಿಸಿ.

ಇನ್ನು ನೆರಳು. ಆಪರೇಷನ್ ಮಾಡುವಾಗ ಡಾಕ್ಟರ ತಲೆ ಬೆಳಕಿಗೆ ಅಡ್ಡ ಬರುತ್ತಲೇ ಇರುತ್ತದೆ. 21 ಸೆಂಟಿಮೀಟರ್ ಅಗಲದ ರಟ್ಟಿನ ಬಿಲ್ಲೆ ಕತ್ತರಿಸಿ, ತಲೆ ಇರುವ ಎತ್ತರದಲ್ಲಿ ಹಿಡಿದು ಮತ್ತೆ ರೀಡಿಂಗ್ ನೋಡಿ. ಇಲ್ಲಿ ಬೆಳಕು ಪೂರ್ತಿ ಸತ್ತುಹೋಗುವ ಲೈಟ್ ಎಷ್ಟು ಪ್ರಖರವಾಗಿದ್ದರೂ ಉಪಯೋಗವಿಲ್ಲ. ಹಲವು ಬಲ್ಬುಗಳ ಡೋಮ್ ಅಥವಾ ಅಗಲವಾದ ರಿಫ್ಲೆಕ್ಟರ್ ಇರುವ ಡೋಮ್ ಇಲ್ಲಿ ಗೆಲ್ಲುತ್ತದೆ, ಬೆಳಕು ಬೇರೆ ಬೇರೆ ಕಡೆಯಿಂದ ಬರುತ್ತದಲ್ಲ.

ಕಡಿಮೆ ಬಂತೆಂದರೆ ಬಲ್ಬನ್ನು ಬೈಯಬೇಡಿ, ವೋಲ್ಟ್ ನೋಡಿ

ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ನಮ್ಮ ಜಿಲ್ಲೆಯಲ್ಲಂತೂ ಹೌದು.

ಓಟಿಯ ಹ್ಯಾಲೊಜನ್ ಬಲ್ಬುಗಳು ಬಹುಪಾಲು 24 ವೋಲ್ಟಿನವು. 22.8 ವೋಲ್ಟಿನವೂ ಇವೆ. ನೋಡಲು ಎರಡೂ ಒಂದೇ ಥರ. ಬಲ್ಬಿನ ಬುಡದಲ್ಲೋ ಡಬ್ಬಿಯ ಮೇಲೋ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದದೇ ಹಾಕಬೇಡಿ. 22.8ರ ಬಲ್ಬಿಗೆ 24 ಕೊಟ್ಟರೆ ಶೇ 5ರಷ್ಟು ಜಾಸ್ತಿ ಕೊಟ್ಟಂತಾಯಿತು. ಏನು ಮಹಾ ಅನಿಸಬಹುದು. ಹ್ಯಾಲೊಜನ್ ಬಲ್ಬಿಗೆ ಶೇ 5 ವೋಲ್ಟ್ ಜಾಸ್ತಿಯಾದರೆ ಆಯಸ್ಸು ಸುಮಾರು ಅರ್ಧ ಆಗುತ್ತದೆ. 1000 ಗಂಟೆ ಬರಬೇಕಾದದ್ದು 500ಕ್ಕೆ ಹೋಗುತ್ತದೆ. ಕಡಿಮೆಯಾದರೆ ಬಲ್ಬ್ ಹೆಚ್ಚು ಕಾಲ ಬದುಕುತ್ತದೆ, ಆದರೆ ಶೇ 5 ಇಳಿದರೂ ಬೆಳಕು ಶೇ 15ಕ್ಕಿಂತ ಜಾಸ್ತಿ ಕುಸಿಯುತ್ತದೆ.

ಮಲ್ಟಿಮೀಟರಿನಿಂದ ವೋಲ್ಟ್ ನೋಡುವಾಗ ಲೈಟ್ ಉರಿಯುತ್ತಿರಲಿ. ಟ್ರಾನ್ಸ್‌ಫಾರ್ಮರ್ ಬಳಿ ಒಮ್ಮೆ, ಬಲ್ಬಿನ ಹೋಲ್ಡರ್ ಬಳಿ ಒಮ್ಮೆ ನೋಡಬೇಕು. ಎಲೆಕ್ಟ್ರಿಷಿಯನ್ ಜೊತೆಗಿರಲಿ. 150 ವ್ಯಾಟಿನ 24 ವೋಲ್ಟ್ ಬಲ್ಬ್ 6 ಆ್ಯಂಪಿಯರಿಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. ವೈರ್ ತೆಳ್ಳಗಿದ್ದರೆ, ಕೀಲುಗಳಲ್ಲಿ ತುಕ್ಕು ಹಿಡಿದಿದ್ದರೆ ದಾರಿಯಲ್ಲೇ ವೋಲ್ಟ್ ಸೋರಿಹೋಗುತ್ತದೆ. ಹೋಲ್ಡರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಪಿನ್ ಕೂರುವ ತೂತಿನ ಸುತ್ತ ಪಿಂಗಾಣಿ ಕಪ್ಪಾಗಿದೆಯಾ? ಒಳಗಿನ ಸ್ಪ್ರಿಂಗ್ ಪಟ್ಟಿ ನೀಲಿಗಟ್ಟಿ ಸಡಿಲವಾಗಿದೆಯಾ? ಹಾಗಿದ್ದರೆ ಎಷ್ಟು ಹೊಸ ಬಲ್ಬ್ ಹಾಕಿದರೂ ಬೇಗ ಹೋಗುತ್ತದೆ. ಬದಲಿಸಬೇಕಾದದ್ದು ಹೋಲ್ಡರ್.

ಇನ್ನೊಂದು ತೊಂದರೆ ಬ್ಯಾಟರಿಯದ್ದು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬೀಳುವುದು ನಮಗೇನೂ ಹೊಸತಲ್ಲ. ಜನರೇಟರ್ ಎದ್ದು ಲೋಡ್ ತೆಗೆದುಕೊಳ್ಳುವವರೆಗಿನ ಕೆಲವು ಸೆಕೆಂಡ್ ಹೊಟ್ಟೆ ಕೊಯ್ದಿಟ್ಟ ರೋಗಿಯ ಮುಂದೆ ಕತ್ತಲಾಗಬಾರದು. ಅದಕ್ಕೆ ಕೆಲವರು 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ ನೇರವಾಗಿ ಲೈಟಿಗೆ ಕೊಡುತ್ತಾರೆ. ಹ್ಯಾಲೊಜನ್ ಬ್ಯಾಟರಿಯ ಡಿಸಿ ಕರೆಂಟಿನಲ್ಲೂ ಉರಿಯುತ್ತದೆ, ಉಪಾಯ ಒಳ್ಳೆಯದೇ. ಆದರೆ ಚಾರ್ಜ್ ಆಗುತ್ತಿರುವಾಗ ಆ ಜೋಡಿ 27 ವೋಲ್ಟ್ ದಾಟುತ್ತದೆ. ಅದನ್ನೇ ಬಲ್ಬಿಗೆ ಬಿಟ್ಟರೆ ಆಯಸ್ಸು ಐದರಲ್ಲೊಂದು ಪಾಲಿಗೆ ಇಳಿಯಬಹುದು. ನಡುವೆ ವೋಲ್ಟ್ ಹಿಡಿದಿಡುವ ಸರ್ಕ್ಯೂಟ್ ಇರಲೇಬೇಕು. ಇಲ್ಲವಾದರೆ ಓಟಿ ಲೈಟಿಗೆಂದೇ ಪ್ರತ್ಯೇಕ ಆನ್‌ಲೈನ್ ಯುಪಿಎಸ್ (ಕರೆಂಟ್ ಹೋದಾಗ ಒಂದು ಕ್ಷಣವೂ ಬಿಡದೆ ಬ್ಯಾಟರಿಯಿಂದ ಕೊಡುವಂಥದ್ದು) ಇಡಿ.

ಬಲ್ಬ್ ಬದಲಿಸುವವರಿಗೆ ಒಂದು ಮಾತು. ಆರಿಸಿ, ತಣ್ಣಗಾದ ಮೇಲೆ, ಶುಭ್ರ ಬಟ್ಟೆ ಅಥವಾ ಗ್ಲೌಸ್‌ನಿಂದ ಹಿಡಿಯಿರಿ. ಬೆರಳಿನ ಜಿಡ್ಡು ಕ್ವಾರ್ಟ್ಜ್ ಗಾಜಿಗೆ ತಾಗಿದರೆ ಆ ಜಾಗ ಅತಿಯಾಗಿ ಕಾದು ಗಾಜು ಕೆಡುತ್ತದೆ. ಕೈ ತಾಗಿಯೇಬಿಟ್ಟರೆ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ ಹಾಕಿ.

ಹತ್ತು ವರ್ಷದ ಲೆಕ್ಕ ಕಾಗದದ ಮೇಲೆ

ದಿನಕ್ಕೆ 3 ಗಂಟೆ, ತಿಂಗಳಿಗೆ 25 ದಿನ ಲೈಟ್ ಉರಿಯುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 900 ಗಂಟೆ. ನಾಲ್ಕು ಬಲ್ಬಿನ ಡೋಮ್ ಆದರೆ, 1000 ಗಂಟೆಗೊಂದು ಸೆಟ್ ಎಂದರೂ ಹತ್ತು ವರ್ಷಕ್ಕೆ 36 ಬಲ್ಬ್. ಈಗಿನ ಬಲ್ಬಿನ ಬೆಲೆಯಿಂದ ಗುಣಿಸಿ, ಡೋಮ್‌ನ ಬೆಲೆಗೆ ಕೂಡಿಸಿ. ಸೆಕೆಂಡ್ ಹ್ಯಾಂಡ್ ಡೋಮ್‌ನ ನಿಜವಾದ ಬೆಲೆ ಅದು.

ಕರೆಂಟ್ ಉಳಿಯುತ್ತದೆ ಎಂಬ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. 50 ವ್ಯಾಟಿನ ನಾಲ್ಕು ಬಲ್ಬ್ ವರ್ಷಕ್ಕೆ 180 ಯೂನಿಟ್ ತಿನ್ನುತ್ತದೆ. 60 ವ್ಯಾಟಿನ ಎಲ್‌ಇಡಿ 54 ಯೂನಿಟ್. ಉಳಿಯುವ 126 ಯೂನಿಟ್‌ಗಾಗಿ ಯಾರೂ ಹೊಸ ಲೈಟ್ ಕೊಳ್ಳಬೇಕಿಲ್ಲ. ಎಲ್‌ಇಡಿಯ ನಿಜವಾದ ಲಾಭ ಬೇರೆ. ಯುಪಿಎಸ್ ಸಣ್ಣದು ಸಾಕು, ಅದೇ ಬ್ಯಾಟರಿ ಮೂರು ಪಟ್ಟು ಹೊತ್ತು ಬರುತ್ತದೆ. ಡಾಕ್ಟರ ನೆತ್ತಿ ಕಾಯುವುದಿಲ್ಲ. ಕೊಯ್ದು ತೆರೆದ ಜಾಗದ ತೇವ ಬಿಸಿಗೆ ಬೇಗ ಆರಿಹೋಗುವುದಿಲ್ಲ. ಹ್ಯಾಲೊಜನ್ ತನಗೆ ಕೊಟ್ಟ ಶಕ್ತಿಯ ಬಹುಪಾಲನ್ನು ಶಾಖವಾಗಿ ಚೆಲ್ಲುತ್ತದೆ. ಒಳ್ಳೆಯ ಡೋಮ್‌ಗಳಲ್ಲಿ ಶಾಖವನ್ನು ಹಿಂದಕ್ಕೆ ಬಿಟ್ಟು ಬೆಳಕನ್ನು ಮಾತ್ರ ಮುಂದಕ್ಕೆ ತಳ್ಳುವ ರಿಫ್ಲೆಕ್ಟರ್ ಮತ್ತು ಶಾಖ ತಡೆಯುವ ಗಾಜು ಇರುತ್ತದೆ. ಅದು ಒಡೆದಿದ್ದರೆ, ಯಾರೋ ತೆಗೆದುಹಾಕಿದ್ದರೆ ಆ ಡೋಮ್ ಮುಟ್ಟಬೇಡಿ. ಟೇಬಲ್ ಮೇಲೆ ಬೀಳುವ ಶಾಖ ಚದರ ಮೀಟರಿಗೆ 1000 ವ್ಯಾಟ್ ಮೀರಬಾರದು ಎಂಬ ಮಿತಿ ಇದೆ. ಎರಡು ಡೋಮ್ ಒಂದೇ ಜಾಗಕ್ಕೆ ತಿರುಗಿಸಿದರೆ ಎರಡರ ಶಾಖವೂ ಸೇರುತ್ತದೆ ಎಂಬುದನ್ನು ಸಿಸ್ಟರುಗಳಿಗೂ ಹೇಳಿಕೊಡಿ.

ಹಳೇ ಡೋಮ್‌ಗೆ ಎಲ್‌ಇಡಿ ಬಲ್ಬ್ ಸಿಕ್ಕಿಸಬಹುದಾ?

ಬೇಡ. ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ, ಉತ್ತರ ಮಾತ್ರ ಖಡಾಖಂಡಿತ. ಹ್ಯಾಲೊಜನ್ ರಿಫ್ಲೆಕ್ಟರಿನ ಬಾಗು ಒಂದು ಪುಟ್ಟ ತಂತಿಯಿಂದ ಹೊರಡುವ ಬೆಳಕಿಗೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಬೇರೆ ಜಾಗದಿಂದ, ಬೇರೆ ದಿಕ್ಕಿಗೆ ಹೊರಡುತ್ತದೆ. ಮೇಲೆ ಹೇಳಿದ ಎರಡು ವೃತ್ತಗಳೂ ಕೆಟ್ಟುಹೋಗುತ್ತವೆ, ನೆರಳು ಗಾಢವಾಗುತ್ತದೆ. ಕಂಪನಿ ಕೊಟ್ಟ ಪ್ರಮಾಣಪತ್ರವೂ ಆ ಕ್ಷಣಕ್ಕೆ ಬೆಲೆ ಕಳೆದುಕೊಳ್ಳುತ್ತದೆ.

ಎಲ್‌ಇಡಿ ಕೊಳ್ಳುವುದೇ ಆದರೆ

40,000 ಗಂಟೆ ಬಾಳಿಕೆ ಎಂದು ಕ್ಯಾಟಲಾಗಿನಲ್ಲಿ ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ವರ್ಷಕ್ಕೆ 900 ಗಂಟೆಯ ಲೆಕ್ಕದಲ್ಲಿ ಅದು 44 ವರ್ಷ. ಅಷ್ಟರೊಳಗೆ ಎಲ್‌ಇಡಿಗೆ ಕರೆಂಟ್ ಹದವಾಗಿ ಕೊಡುವ ಡ್ರೈವರ್ ಕಾರ್ಡ್ ಹೋಗುತ್ತದೆ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಹೋಗುತ್ತದೆ, ಸ್ಪ್ರಿಂಗ್ ಆರ್ಮ್ ಸಡಿಲವಾಗಿ ಡೋಮ್ ತಾನಾಗಿ ಕೆಳಗಿಳಿಯತೊಡಗುತ್ತದೆ. ಹಾಗಾಗಿ ಡೀಲರ್ ಬಳಿ ಕೇಳಬೇಕಾದದ್ದು ಎಲ್‌ಇಡಿಯ ಗಂಟೆ ಅಲ್ಲ. ಡ್ರೈವರಿಗೆ ಎಷ್ಟು ವರ್ಷ ವಾರಂಟಿ? ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ರಿಪೇರಿಗೆ ಬರುವವರು ಮೈಸೂರಿನಿಂದ ಬರುತ್ತಾರಾ, ದೆಹಲಿಯಿಂದಲಾ? ಕೊನೆಯ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದರೆ ಕಡಿಮೆ ರೇಟ್ ಎಂದು ಮರುಳಾಗಬೇಡಿ.

ಬಣ್ಣದ ವಿಷಯದಲ್ಲಿ ಹ್ಯಾಲೊಜನ್ ಇವತ್ತಿಗೂ ಗಟ್ಟಿ. ಅದರ ಬೆಳಕಿನಲ್ಲಿ ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಕಳಪೆ ಎಲ್‌ಇಡಿಯಲ್ಲಿ ಕೆಂಪು ಸಪ್ಪೆಯಾಗುತ್ತದೆ. ಆಪರೇಷನ್ನಿನಲ್ಲಿ ಕೆಂಪಿನ ನಾನಾ ಛಾಯೆ ಗುರುತಿಸುವುದೇ ಅರ್ಧ ಕೆಲಸ. ಕೋಟೇಶನ್‌ನಲ್ಲಿ ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಎಂಬುದಕ್ಕೆ 100ರವರೆಗಿನ ಅಂಕಿ) ಎಷ್ಟು ಎಂದು ಬರೆಸಿಕೊಳ್ಳಿ, ಮಾನದಂಡ ಕೇಳುವುದು 85ಕ್ಕೆ ಮೇಲೆ, ನೀವು 95 ಕೇಳಿ. ಜೊತೆಗೆ ಕೆಂಪಿಗೆ ಪ್ರತ್ಯೇಕವಾಗಿ ಇರುವ ಆರ್9 ಅಂಕಿಯನ್ನೂ ಕೇಳಿ. ಡೆಮೊ ದಿನ ಮಾರ್ಕೆಟ್‌ನಿಂದ ತಾಜಾ ಹಂದಿ ಮಾಂಸದ ಒಂದು ತುಂಡು ತರಿಸಿ, ಓಟಿಯ ಹೊರಗೆ ಬೇರೆ ಕೋಣೆಯಲ್ಲಿ ಲೈಟಿನ ಕೆಳಗಿಡಿ. ಮಾಂಸ, ಕೊಬ್ಬು, ಅವುಗಳ ನಡುವಿನ ತೆಳು ಪೊರೆ, ಸಣ್ಣ ರಕ್ತನಾಳ ಬೇರೆ ಬೇರೆಯಾಗಿ ಕಾಣುತ್ತವಾ ಎಂದು ನಿಮ್ಮ ಸರ್ಜನ್ ಕೈಯಲ್ಲೇ ನೋಡಿಸಿ. ಅವರ ಕಣ್ಣಿಗೆ ಒಪ್ಪದ ಲೈಟ್ ಯಾವ ಅಂಕಿ ಇದ್ದರೂ ಬೇಡ.

ತಾರಸಿ, ತೇವ, ಕಾಗದಪತ್ರ

ಹಂಚಿನ ಮಾಡು, ಮರದ ಅಟ್ಟದ ಹಳೇ ಕಟ್ಟಡದಲ್ಲಿ ನಿಮ್ಮ ಓಟಿ ಇದ್ದರೆ ಸೀಲಿಂಗ್ ಡೋಮ್ ನೇತುಹಾಕುವ ಮುನ್ನ ಸಿವಿಲ್ ಎಂಜಿನಿಯರ್ ಒಪ್ಪಿಗೆ ಪಡೆಯಿರಿ. ಆರ್ಮ್ ಚಾಚಿದಾಗ ತೂಕ ಒಂದೇ ಕಡೆ ಎಳೆಯುತ್ತದೆ. ಗಟ್ಟಿ ಆರ್‌ಸಿಸಿ ಇಲ್ಲದ ಕಡೆ ಸ್ಟ್ಯಾಂಡ್ ಲೈಟೇ ಕ್ಷೇಮ.

ಓಟಿಯೊಳಗಿನ ತೇವಾಂಶ ಶೇ 60 ದಾಟಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಇದು ತಾನಾಗಿ ಆಗುವುದಿಲ್ಲ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಬೇಕು. ಇಲ್ಲದಿದ್ದರೆ ಗಾಜಿನ ಒಳಮೈಗೆ ಬೂಷ್ಟು ಹಿಡಿಯುತ್ತದೆ. ಸೆಕೆಂಡ್ ಹ್ಯಾಂಡ್ ಡೋಮ್ ನೋಡುವಾಗಲೂ ಟಾರ್ಚ್ ಓರೆಯಾಗಿ ಹಿಡಿದು ರಿಫ್ಲೆಕ್ಟರ್ ಮೇಲೆ ಜೇಡರ ಬಲೆಯಂಥ ಗೆರೆ ಇದೆಯಾ ನೋಡಿ. ಇದ್ದರೆ ಬಿಟ್ಟುಬಿಡಿ, ಅದು ಒರೆಸಿದರೆ ಹೋಗುವಂಥದ್ದಲ್ಲ.

ಹೊಸ ಲೈಟಿಗೆ 2017ರ ವೈದ್ಯಕೀಯ ಉಪಕರಣ ನಿಯಮಗಳ ಪ್ರಕಾರ ಇರುವ ನೋಂದಣಿ ಅಥವಾ ಲೈಸೆನ್ಸ್ ಪ್ರತಿ ಕೇಳಿ. ಐಇಸಿ ಟೆಸ್ಟ್ ರಿಪೋರ್ಟ್ ನೀವು ಕೊಳ್ಳುವ ಮಾಡೆಲ್ ಹೆಸರಿನಲ್ಲೇ ಇರಲಿ. ದುಡ್ಡಿನಲ್ಲಿ ಒಂದು ಪಾಲು ಕೈಯಲ್ಲೇ ಉಳಿಸಿಕೊಳ್ಳಿ. ಲೈಟ್ ಕೂರಿಸಿದ ಮೇಲೆ ಅದೇ ಮೀಟರ್, ಅದೇ ಬಿಳಿ ಹಾಳೆ, ಅದೇ ರಟ್ಟಿನ ಬಿಲ್ಲೆ ಇಟ್ಟು ಡೀಲರ್ ಎದುರೇ ಅಳೆದು, ಅವರ ಸಹಿ ಪಡೆದು, ಆಮೇಲೆ ಕೊಡಿ.

ನನ್ನ ಸಲಹೆ ಇಷ್ಟು. ಈಗಿರುವ ಹ್ಯಾಲೊಜನ್ ಡೋಮ್ ಅಳತೆಯಲ್ಲಿ ಪಾಸಾಗಿ, ಬಲ್ಬ್ ಸಿಗುತ್ತಿದ್ದರೆ ಉಳಿಸಿಕೊಳ್ಳಿ. ಹೊಸದಾಗಿ ದುಡ್ಡು ಹಾಕುವುದಾದರೆ ಎಲ್‌ಇಡಿಗೇ ಹಾಕಿ. ಹ್ಯಾಲೊಜನ್ ಉಳಿಸಿಕೊಂಡವರು ಮೇ ತಿಂಗಳು ಮುಗಿಯುವುದರೊಳಗೆ ಎರಡು ಪೂರ್ತಿ ಸೆಟ್ ಬಲ್ಬ್, ಒಂದು ಹೋಲ್ಡರ್, ಫ್ಯೂಸ್‌ಗಳನ್ನು ತರಿಸಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿದ್ದನ್ನು ನಾವು ನೋಡಿದ್ದೇವೆ, ಅಂಥ ವಾರದಲ್ಲಿ ಕೊರಿಯರ್ ಕಾಯುತ್ತಾ ಕೂರಲಾಗದು. ಅವನ್ನು ಸ್ಟೋರ್ ರೂಮಿನ ಬೀಗದೊಳಗೆ ಇಡಬೇಡಿ. ಓಟಿಯ ಪಕ್ಕದ ಕಪಾಟಿನಲ್ಲಿ, ರಾತ್ರಿ ಡ್ಯೂಟಿಯ ಸಿಸ್ಟರ್ ಕೈಗೆ ಸಿಗುವಂತೆ, ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಡಬ್ಬಿಯ ಮೇಲೆ ವೋಲ್ಟ್, ವ್ಯಾಟ್, ಕೊನೆಯ ಸಲ ಬಲ್ಬ್ ಬದಲಿಸಿದ ತಾರೀಕು ಬರೆದಿರಲಿ.