ಸಣ್ಣ ಪಬ್‌ನಲ್ಲಿ ಬೇಸ್ ಗಿಟಾರ್ ನುಡಿಸಲು ಎಂಥ ಆಂಪ್ ಬೇಕು?

ಇಂದಿರಾನಗರದ ಒಂದು ಪಬ್. ಎರಡನೇ ಮಹಡಿ. ಲಿಫ್ಟ್ ಇತ್ತು, ಆದರೆ ಅದು ಗಿರಾಕಿಗಳಿಗೆ ಮಾತ್ರ ಅಂದರು. ನಾನೂ ನಮ್ಮ ಡ್ರಮ್ಮರೂ ಸೇರಿ, ಹತ್ತಿಂಚಿನ ನಾಲ್ಕು ಸ್ಪೀಕರ್ ಇರುವ ಕ್ಯಾಬಿನೆಟ್ಟನ್ನು ಸುತ್ತು ಮೆಟ್ಟಿಲಲ್ಲಿ ಹೊತ್ತುಕೊಂಡು ಹೋದೆವು. ತೂಕ 40 ಕೆಜಿ ಹತ್ತಿರ. ಮೇಲೆ ಇಳಿಸಿದಾಗ ನನ್ನ ಎಡಗೈ ಬೆರಳುಗಳು ನಡುಗುತ್ತಿದ್ದವು. ಅರ್ಧ ಗಂಟೆಯಲ್ಲಿ ಅದೇ ಬೆರಳುಗಳಿಂದ ತಂತಿ ಒತ್ತಬೇಕಿತ್ತು. ವೇದಿಕೆ ನೋಡಿದರೆ ಎಂಟಡಿ ಅಗಲ. ಕ್ಯಾಬಿನೆಟ್ ಇಟ್ಟ ಮೇಲೆ ಕೀಬೋರ್ಡಿನವರಿಗೆ ಜಾಗವೇ ಉಳಿಯಲಿಲ್ಲ. ಸೌಂಡ್ ಚೆಕ್ ಶುರುವಾಗಿ ಎರಡೇ ನಿಮಿಷಕ್ಕೆ ಮ್ಯಾನೇಜರ್ ಬಂದು, "ಸರ್, ಸ್ವಲ್ಪ ಕಮ್ಮಿ ಮಾಡಿ" ಅಂದರು. ಆ ರಾತ್ರಿ ಪೂರ್ತಿ ವಾಲ್ಯೂಮ್ ಗುಂಡಿ ಎರಡನೇ ಗೆರೆ ದಾಟಲಿಲ್ಲ.

ಅಂದಿನಿಂದ ಬೇಸ್ ಆಂಪ್ ಬಗ್ಗೆ, ಅಂದರೆ ಬೇಸ್ ಗಿಟಾರಿನ ಸದ್ದು ದೊಡ್ಡದು ಮಾಡುವ ಯಂತ್ರದ ಬಗ್ಗೆ, ಯಾರೇ ಕೇಳಲಿ, ನಾನು ಹೇಳುವುದು ಒಂದೇ. ಅಂಗಡಿಗೆ ಹೋಗುವ ಮುಂಚೆ ಮೆಟ್ಟಿಲು ಎಣಿಸಿ.

1. ನುಡಿಸುವ ಜಾಗವನ್ನು ನೋಡಿ ಬನ್ನಿ

ನೀವು ಹೆಚ್ಚಾಗಿ ನುಡಿಸುವ ಎರಡು ಮೂರು ಜಾಗಗಳಿಗೆ ಹಗಲು ಹೊತ್ತಲ್ಲಿ ಒಮ್ಮೆ ಹೋಗಿ. ಅಲ್ಲಿನ ಸೌಂಡ್‌ನವರನ್ನು ಮಾತಾಡಿಸಿ. ಹಾಡುವವರ ಮೈಕ್ ಜೊತೆಗೆ ಬೇಸನ್ನೂ ಪಬ್‌ನ ಸೌಂಡ್ ಮಿಕ್ಸರ್‌ಗೆ ಕೊಡಬಹುದಾ? ಕೊಟ್ಟರೆ, ಕೆಳಗೆ ಸಬ್‌ವೂಫರ್ ಇದೆಯಾ, ಅಥವಾ ಸ್ಟ್ಯಾಂಡ್ ಮೇಲಿನ ಎರಡು ಸ್ಪೀಕರ್ ಮಾತ್ರವಾ? ಸಬ್ ಇಲ್ಲದ ಕಡೆ ಬೇಸಿನ ಭಾರವೆಲ್ಲ ನಿಮ್ಮ ಆಂಪ್ ಮೇಲೆಯೇ ಬೀಳುತ್ತದೆ.

ಛಾವಣಿ ಮೇಲಿನ ಪಬ್ ಆದರೆ ಇನ್ನೊಂದು ಮಾತು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ. ಪಕ್ಕದ ಮನೆಯವರ ನಿದ್ದೆಯೂ ಮುಖ್ಯ ಅಲ್ವಾ? ಇಂಥ ಕಡೆ ಸಣ್ಣ ಆಂಪ್ ಸಾಕೇ ಸಾಕು.

2. ಹೊರುವ ಲೆಕ್ಕ ಹಾಕಿ

ಬೇಸ್ ಆಂಪ್ ಅಂದ ತಕ್ಷಣ ಹಲವರ ಕಣ್ಮುಂದೆ ಬರುವುದು ಆಂಪೆಗ್ ಎಸ್‌ವಿಟಿ. 1969ರಲ್ಲಿ ಬಂತು. 300 ವ್ಯಾಟ್, ಗಾಜಿನ ಟ್ಯೂಬ್‌ಗಳಿಂದ ನಡೆಯುವ ವಾಲ್ವ್ ಆಂಪ್. ಹೆಡ್, ಅಂದರೆ ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ, ಅದೊಂದೇ 38 ಕೆಜಿ ಆಸುಪಾಸು. ಅದರ ಜೊತೆಗಿನ ಎಂಟು ಸ್ಪೀಕರ್‌ಗಳ ಪೆಟ್ಟಿಗೆ 60 ಕೆಜಿಗೂ ಜಾಸ್ತಿ. ಅದರ ನಾದಕ್ಕೆ ನಾನೂ ಸೋತವನೇ. ಆದರೆ ಅದನ್ನು ಮಾಡಿದ್ದು ದೊಡ್ಡ ದೊಡ್ಡ ಸಭಾಂಗಣಗಳಿಗೆ. ಐವತ್ತು ಜನ ಕೂರುವ ಪಬ್‌ಗೆ ಅದನ್ನು ತಂದರೆ ಆ ನಾದ ಅರಳುವಷ್ಟು ವಾಲ್ಯೂಮ್ ಏರಿಸಲು ಯಾರೂ ಬಿಡುವುದಿಲ್ಲ.

ಈಗ ಕ್ಲಾಸ್ ಡಿ ಅನ್ನುವ ಹಗುರ ಬಗೆಯ ಆಂಪ್‌ಗಳು ಬಂದು ಲೆಕ್ಕವೇ ಬದಲಾಗಿದೆ. 500 ವ್ಯಾಟ್ ಹೆಡ್ ಎರಡು ಮೂರು ಕೆಜಿಯಲ್ಲಿ ಸಿಗುತ್ತದೆ, ಗಿಟಾರ್ ಬ್ಯಾಗಿನ ಜೇಬಿನಲ್ಲಿ ಹಿಡಿಸುವಂಥವೂ ಇವೆ. ನಿಯೋಡಿಮಿಯಂ ಮ್ಯಾಗ್ನೆಟ್ ಹಾಕಿದ ಸ್ಪೀಕರ್‌ಗಳು ಹಳೆಯವಕ್ಕಿಂತ ತುಂಬ ಹಗುರ.

ನನ್ನ ಅಳತೆ ಸರಳ. ಒಂದು ಕೈಯಲ್ಲಿ ಕ್ಯಾಬಿನೆಟ್, ಬೆನ್ನಿಗೆ ಗಿಟಾರ್, ಹೀಗೆ ಒಂದೇ ಸಲಕ್ಕೆ ಎರಡು ಮಹಡಿ ಹತ್ತುವಂತಿರಬೇಕು. ಆಟೋ ಸೀಟಿನಲ್ಲಿ ಪಕ್ಕಕ್ಕೆ ಇಟ್ಟರೆ ನಾನೂ ಕೂರುವಷ್ಟು ಜಾಗ ಉಳಿಯಬೇಕು. 15 ಕೆಜಿ ದಾಟಿದರೆ ಎರಡು ಸಲ ಯೋಚಿಸುತ್ತೇನೆ.

3. ಬರೀ ವ್ಯಾಟ್ ನೋಡಿ ಕೊಳ್ಳಬೇಡಿ

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಎಷ್ಟು ವ್ಯಾಟ್ ಅಂತ. 250ರ ಬದಲು 500 ವ್ಯಾಟ್ ತಂದರೆ ಎರಡು ಪಟ್ಟು ಜೋರಾಗುತ್ತದೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಸಿಗುವುದು 3 ಡೆಸಿಬೆಲ್ ಮಾತ್ರ. ಗುಂಡಿಯನ್ನು ಒಂಚೂರು ತಿರುಗಿಸಿದ ಹಾಗೆ, ಅಷ್ಟೇ. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ನಿಜವಾದ ವ್ಯತ್ಯಾಸ ಮಾಡುವುದು ಕ್ಯಾಬಿನೆಟ್. ಅದರ ವಿವರದ ಹಾಳೆಯಲ್ಲಿ ಸೆನ್ಸಿಟಿವಿಟಿ ಅಂತ ಒಂದು ಸಂಖ್ಯೆ ಇರುತ್ತದೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವ ಲೆಕ್ಕ ಅದು. ಒಂದರಲ್ಲಿ 94, ಇನ್ನೊಂದರಲ್ಲಿ 100 ಇದೆ ಅಂದುಕೊಳ್ಳಿ. ಆ 6 ಡೆಸಿಬೆಲ್ ಅಂದರೆ ನಾಲ್ಕು ಪಟ್ಟು ವ್ಯಾಟ್‌ಗೆ ಸಮ. ಎರಡನೆಯದು 100 ವ್ಯಾಟ್‌ನಲ್ಲಿ ಮಾಡುವ ಕೆಲಸಕ್ಕೆ ಮೊದಲನೆಯದು 400 ವ್ಯಾಟ್ ಕೇಳುತ್ತದೆ! ದುಡ್ಡು ಕಮ್ಮಿ ಇದ್ದರೆ ಹೆಡ್‌ನಲ್ಲಿ ಉಳಿಸಿ, ಕ್ಯಾಬಿನೆಟ್‌ಗೆ ಹಾಕಿ.

ಹಾಗಾದರೆ ಎಷ್ಟು ಬೇಕು? ಮೇಲೆ ಕೂತು ಕೈಯಲ್ಲಿ ಬಡಿಯುವ ಕಹೋನ್ ಪೆಟ್ಟಿಗೆ, ಅಕೌಸ್ಟಿಕ್ ಗಿಟಾರ್ ಜೊತೆ ನುಡಿಸುವವರಿಗೆ ಹನ್ನೆರಡು ಇಂಚಿನ ಒಂದು ಸ್ಪೀಕರ್ ಇರುವ 100 ವ್ಯಾಟ್ ಕಾಂಬೊ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ) ಸಾಕು. ಪೂರ್ತಿ ಡ್ರಮ್ ಸೆಟ್ ಇದ್ದು, ಬೇಸ್ ಮಿಕ್ಸರ್‌ಗೂ ಹೋಗುತ್ತದೆ ಅಂದರೆ 200ರಿಂದ 300 ವ್ಯಾಟ್, ಹನ್ನೆರಡು ಇಂಚಿನ ಒಂದು ಒಳ್ಳೆಯ ಸ್ಪೀಕರ್. ಡ್ರಮ್ ಇದೆ, ಮಿಕ್ಸರ್‌ನಲ್ಲಿ ಬೇಸ್‌ಗೆ ಜಾಗ ಇಲ್ಲ ಅನ್ನುವ ಕಡೆ 500 ವ್ಯಾಟ್, ಹತ್ತಿಂಚಿನ ಅಥವಾ ಹನ್ನೆರಡು ಇಂಚಿನ ಎರಡು ಸ್ಪೀಕರ್. ಇದಕ್ಕಿಂತ ದೊಡ್ಡದು ಸಣ್ಣ ಪಬ್‌ನಲ್ಲಿ ನನಗೆ ಇದುವರೆಗೆ ಬೇಕಾಗಿಲ್ಲ.

4. ಓಮ್ ಲೆಕ್ಕ ತಪ್ಪಬೇಡಿ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಒಮ್ಮೆ ಗೆಳೆಯರೊಬ್ಬರಿಂದ ಒಂದು ಕ್ಯಾಬಿನೆಟ್ ತಂದು ನನ್ನದರ ಜೊತೆ ಸೇರಿಸಿದೆ. ಎರಡೂ 4 ಓಮ್ (ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ). ಹೆಡ್ ತಡೆದುಕೊಳ್ಳುವುದೂ 4 ಓಮ್‌ವರೆಗೆ, ಅದಕ್ಕಿಂತ ಕೆಳಗೆ ಇಳಿಯಬಾರದು. ನಾಲ್ಕು ನಾಲ್ಕು ಸರಿಹೋಗುತ್ತದೆ ಅಂದುಕೊಂಡೆ. ಎರಡನೇ ಹಾಡಿನ ಮಧ್ಯೆ ಕೆಂಪು ದೀಪ ಹತ್ತಿ ಆಂಪ್ ಸುಮ್ಮನಾಯಿತು. ಮೇಲೆ ಕೈ ಇಟ್ಟರೆ ದೋಸೆ ಹೆಂಚಿನ ಬಿಸಿ.

ಆಗಿದ್ದು ಇಷ್ಟು. ಒಂದೇ ಟ್ಯಾಂಕಿಗೆ ಒಂದು ನಲ್ಲಿ ಬದಲು ಎರಡು ನಲ್ಲಿ ತೆರೆದರೆ ನೀರು ಹೆಚ್ಚು ಹರಿಯುತ್ತದಲ್ವಾ? ಹಾಗೆಯೇ ಎರಡು ಕ್ಯಾಬಿನೆಟ್ ಸೇರಿಸಿದರೆ ತಡೆ ಅರ್ಧಕ್ಕೆ ಇಳಿಯುತ್ತದೆ, ಕರೆಂಟು ಜಾಸ್ತಿ ಹರಿಯುತ್ತದೆ. 4 ಓಮ್‌ನ ಎರಡು ಸೇರಿದರೆ 2 ಓಮ್. 8 ಓಮ್‌ನ ಎರಡು ಸೇರಿದರೆ 4 ಓಮ್. ಬಹುತೇಕ ಹೆಡ್‌ಗಳ ಮಿತಿ 4 ಓಮ್. ಆದ್ದರಿಂದ ಮೊದಲ ಕ್ಯಾಬಿನೆಟ್ 8 ಓಮ್‌ನದೇ ಇರಲಿ. ಮುಂದೆ ದೊಡ್ಡ ಜಾಗ ಸಿಕ್ಕಾಗ ಅಂಥದೇ ಇನ್ನೊಂದು ಸೇರಿಸಬಹುದು.

ಫೆಂಡರ್ ರಂಬಲ್ 500 ಅನ್ನುವ ಕಾಂಬೊದಲ್ಲೂ ಇದೇ ಲೆಕ್ಕ ಇದೆ. ತನ್ನದೇ ಎರಡು ಸ್ಪೀಕರ್‌ಗೆ ಅದು ಕೊಡುವುದು 350 ವ್ಯಾಟ್. ಹೊರಗೆ 8 ಓಮ್‌ನ ಇನ್ನೊಂದು ಕ್ಯಾಬಿನೆಟ್ ಸೇರಿಸಿದಾಗ ಮಾತ್ರ 500. ತೂಕ 16.5 ಕೆಜಿ. ನಾನು ಹೇಳಿದ ಅಳತೆಗಿಂತ ಸ್ವಲ್ಪ ಜಾಸ್ತಿ ನಿಜ, ಆದರೂ ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಮುಗಿಯಬೇಕು ಅನ್ನುವವರಿಗೆ ಒಳ್ಳೆಯ ಆಯ್ಕೆ.

ಹೆಡ್‌ನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ವೈರೇ ಹಾಕಬೇಕು. ಗಿಟಾರ್ ಕೇಬಲ್ ನೋಡಲು ಒಂದೇ ಥರ ಇರುತ್ತದೆ, ಒಳಗಿನ ತಂತಿ ತೀರಾ ತೆಳು. ಬಿಸಿಯಾಗಿ ಆಂಪನ್ನೂ ಕೆಡಿಸಬಹುದು. ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್ ಪ್ಲಗ್ ಇದ್ದರೆ ಅದನ್ನೇ ಬಳಸಿ. ವಾಲ್ವ್ ಆಂಪ್ ಇದ್ದರಂತೂ ಸ್ಪೀಕರ್ ಸಿಕ್ಕಿಸದೆ ಆನ್ ಮಾಡಲೇಬೇಡಿ.

5. ಹಿಂಬದಿ ತಿರುಗಿಸಿ ನೋಡಿ

ಡಿಐ ಔಟ್ ಇರಲೇಬೇಕು. ಮೈಕ್ ಕೇಬಲ್ ಸಿಕ್ಕಿಸುವ ಮೂರು ಪಿನ್‌ನ ಜಾಗ ಅದು. ಅಲ್ಲಿಂದ ಬೇಸ್ ನೇರ ಮಿಕ್ಸರ್‌ಗೆ ಹೋಗುತ್ತದೆ. ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇದ್ದರೆ ಬಹಳ ಒಳ್ಳೆಯದು. ಪಬ್‌ಗಳಲ್ಲಿ ಫ್ರಿಜ್ಜು, ಡಿಮ್ಮರ್ ದೀಪ ಎಲ್ಲ ಒಂದೇ ಲೈನ್‌ನಲ್ಲಿ ಇರುತ್ತವೆ, ಗುಂಯ್ ಅನ್ನುವ ಸದ್ದು ಬರುತ್ತದೆ. ಆಗ ಆ ಸ್ವಿಚ್ ಒತ್ತಿ ನೋಡಿ. ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಾಕುವವರನ್ನು ನೋಡಿದ್ದೇನೆ. ಯಾವತ್ತೂ ಹಾಗೆ ಮಾಡಬೇಡಿ. ನಿಮ್ಮ ಬೆರಳು ತಂತಿ ಮೇಲೆ, ಹಾಡುವವರ ತುಟಿ ಮೈಕ್ ಮೇಲೆ ಇರುತ್ತದೆ. ಜೀವಕ್ಕೇ ಅಪಾಯ.

ಅಮೆರಿಕದಿಂದ ಬರುವ ಅಣ್ಣನ ಕೈಲಿ ಆಂಪ್ ತರಿಸುವವರು ವೋಲ್ಟೇಜ್ ಓದಿಸಿಕೊಳ್ಳಿ. ಅಲ್ಲಿ 120 ವೋಲ್ಟ್, ಇಲ್ಲಿ 230. ಹಗುರ ಆಂಪ್ ಅಂದ ಮಾತ್ರಕ್ಕೆ ಎರಡೂ ಕಡೆ ನಡೆಯುತ್ತದೆ ಅಂತಿಲ್ಲ.

6. ನಿಮ್ಮದೇ ಗಿಟಾರ್ ತೆಗೆದುಕೊಂಡು ಅಂಗಡಿಗೆ ಹೋಗಿ

ನಾದ ಬದಲಿಸುವ ಎಲ್ಲ ಗುಂಡಿಗಳನ್ನೂ ಮಧ್ಯಕ್ಕೆ ಇಟ್ಟು ಶುರು ಮಾಡಿ. ಕೂತು ನುಡಿಸಬೇಡಿ, ನಿಂತುಕೊಂಡು ಹತ್ತಡಿ ದೂರದಿಂದ ಕೇಳಿ. ದಪ್ಪ ಇ ತಂತಿಯಿಂದ ಶುರು ಮಾಡಿ ಒಂದೊಂದೇ ಸ್ವರ ಮೇಲಕ್ಕೆ ಹೋಗಿ. ಒಂದು ಸ್ವರ ಮಾತ್ರ ಧಡ್ ಅಂತ ಉಬ್ಬುತ್ತಾ, ಇನ್ನೊಂದು ಮುಳುಗುತ್ತಾ ಗಮನಿಸಿ.

ಇ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಸಣ್ಣ ಕ್ಯಾಬಿನೆಟ್‌ಗಳು ಅಷ್ಟು ಕೆಳಗಿನದನ್ನು ಜೋರಾಗಿ ಕೊಡುವುದಿಲ್ಲ. ಅದಕ್ಕೆ ಬೇಜಾರು ಬೇಡ. ಅದೇ ಸ್ವರದ ಒಳಗೆ 82, 123 ಹರ್ಟ್ಸ್ ನಾದಗಳೂ ಇರುತ್ತವೆ, ಅವನ್ನು ಕೇಳಿ ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಮಿಡ್ (ನಡುವಿನ ಸ್ವರಗಳ ಗುಂಡಿ) ಇಳಿಸಿ, ಬೇಸ್ (ಕೆಳಗಿನ ಸ್ವರಗಳು) ಮತ್ತು ಟ್ರೆಬಲ್ (ಮೇಲಿನ ಸ್ವರಗಳು) ಏರಿಸಿದರೆ ಬಹಳ ಚೆನ್ನಾಗಿ ಕೇಳಿಸುತ್ತದೆ. ಡ್ರಮ್ಸು, ಗಿಟಾರ್ ಸೇರಿದ ಕೂಡಲೇ ಆ ಬೇಸ್ ಮಾಯ! ಪಬ್‌ನಲ್ಲಿ ನಿಮ್ಮನ್ನು ಕೇಳಿಸುವುದು ಮಿಡ್. ಮಿಡ್ ಗುಂಡಿ ಏರಿಸಿದಾಗಲೂ ಕಿವಿಗೆ ಕರ್ಕಶ ಅನಿಸದ ಆಂಪನ್ನು ಆರಿಸಿ.

ಸೆಕೆಂಡ್ ಹ್ಯಾಂಡ್ ಆದರೆ ಸ್ಪೀಕರ್ ಹತ್ತಿರ ಕಿವಿ ಇಟ್ಟು ನಿಧಾನವಾಗಿ ಒಂದೊಂದೇ ಸ್ವರ ನುಡಿಸಿ. ಹರಿದ ಕಾಗದದ ಹಾಗೆ ಪರಪರ ಅಂದರೆ ಬಿಟ್ಟುಬಿಡಿ.

7. ಪಬ್‌ನಲ್ಲಿ ಎಲ್ಲಿಡಬೇಕು?

ಮೂಲೆಗೆ ಒತ್ತಿ ಇಟ್ಟರೆ ಕೆಳಗಿನ ಸ್ವರಗಳು ಉಬ್ಬುತ್ತವೆ. ಆಂಪ್ ಚಿಕ್ಕದಾಗಿದ್ದರೆ ಅದೇ ಉಪಕಾರ, ಆದರೆ ಗಾಜಿನ ಗೋಡೆಯ ಪಬ್‌ನಲ್ಲಿ ಬರೀ ಗುಂ ಗುಂ ಆಗಬಹುದು. ಆಗ ಎರಡಡಿ ಮುಂದೆ ಎಳೆಯಿರಿ, ಬೇಸ್ ಗುಂಡಿ ಸ್ವಲ್ಪ ಇಳಿಸಿ. 41 ಹರ್ಟ್ಸ್‌ನ ಒಂದು ಅಲೆಯ ಉದ್ದವೇ 27 ಅಡಿ ಹತ್ತಿರ, ಅಂದರೆ ಒಂದು ಸಣ್ಣ ಪಬ್‌ನಷ್ಟು. ಗೋಡೆಗೆ ಬಡಿದು ಮರಳುವ ಅಲೆಗಳು ಒಂದಕ್ಕೊಂದು ಸೇರಿ, ಒಂದು ಟೇಬಲ್‌ನಲ್ಲಿ ಬೇಸ್ ಎದೆ ನಡುಗಿಸಿದರೆ ಇನ್ನೊಂದು ಟೇಬಲ್‌ನಲ್ಲಿ ಸರಿಯಾಗಿ ಕೇಳಿಸದೇ ಇರಬಹುದು. 20 ಅಡಿ ಕೇಬಲ್ ಒಯ್ಯಿರಿ. ಸೌಂಡ್ ಚೆಕ್ ಹೊತ್ತಲ್ಲಿ ನುಡಿಸುತ್ತಲೇ ಜನ ಕೂರುವ ಕಡೆ ನಡೆದು ನೋಡಿ.

ಇನ್ನು, ನೆಲದ ಮೇಲಿನ ಆಂಪ್ ಎದುರಿಗೆ ನಿಂತರೆ ಸದ್ದೆಲ್ಲ ಮೊಣಕಾಲಿಗೆ ಹೋಗುತ್ತದೆ. ನಿಮಗೇ ಕೇಳಿಸದೆ ವಾಲ್ಯೂಮ್ ಏರಿಸುತ್ತೀರಿ, ಅಷ್ಟರಲ್ಲಿ ಮುಂದಿನ ಟೇಬಲ್‌ನವರು ಕಿವಿ ಮುಚ್ಚಿಕೊಂಡಿರುತ್ತಾರೆ. ಬಾರ್ ಕೌಂಟರ್ ಹಿಂದೆ ಖಾಲಿ ಬಿಯರ್ ಕ್ರೇಟ್ ಇರುತ್ತವೆ. ಎರಡು ಕೇಳಿ ತೆಗೆದುಕೊಂಡು ಬೋರಲು ಹಾಕಿ, ಮೇಲೆ ಕ್ಯಾಬಿನೆಟ್ ಇಡಿ, ಮುಂದಿನ ತುದಿ ಕೆಳಗೆ ಮಡಚಿದ ಟವೆಲ್ ಸಿಕ್ಕಿಸಿ ಮುಖ ಸ್ವಲ್ಪ ಮೇಲೆ ಮಾಡಿ. ಅಲುಗಾಡುತ್ತಾ ಅಂತ ಒಮ್ಮೆ ಕೈಯಿಂದ ತಳ್ಳಿ ನೋಡಿಯೇ ಹೆಡ್ಡನ್ನು ಮೇಲಿಡಿ.