ಹಳೇ ಕಾರಿನ ಇಗ್ನಿಷನ್ ಕಾಯಿಲ್: ಮಲ್ಟಿಮೀಟರ್‌ನಲ್ಲಿ ಓಮ್ ನೋಡುವುದು ಹೇಗೆ

ಇಗ್ನಿಷನ್ ಕಾಯಿಲ್ ಅಂದರೆ ಬ್ಯಾಟರಿಯ ಕಡಿಮೆ ವೋಲ್ಟೇಜನ್ನು ಸ್ಪಾರ್ಕಿಗೆ ಬೇಕಾದ ಹೈ ವೋಲ್ಟೇಜಿಗೆ ಏರಿಸುವ ಭಾಗ. ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕಾಯಿಲ್‌ನ ಎರಡೂ ಸಣ್ಣ ವೈರ್‌ಗಳಿಗೆ ಗುರುತು ಹಾಕಿ ಬಿಚ್ಚಿ, ನಡುವಿನ ದಪ್ಪ ಎಚ್‌ಟಿ (ಹೈ ವೋಲ್ಟೇಜ್ ಒಯ್ಯುವ) ವೈರ್ ಕಿತ್ತಿಡಿ. ವೈರ್ ಬಿಚ್ಚದೆ ಅಳೆದರೆ ಬರುವ ಅಂಕಿ ಕಾಯಿಲ್‌ನದ್ದೊಂದೇ ಅಲ್ಲ.

ಮೊದಲು ಪ್ರೈಮರಿ, ಅಂದರೆ ಬ್ಯಾಟರಿ ಕರೆಂಟ್ ಹರಿಯುವ ಒಳಸುತ್ತು. ಮೀಟರನ್ನು 200 ಓಮ್ ರೇಂಜಿಗಿಟ್ಟು ಎರಡು ಪ್ರೋಬ್‌ಗಳನ್ನೂ ಒಂದಕ್ಕೊಂದು ತಾಗಿಸಿ. 0.3 ಅಂತ ತೋರಿಸಿದರೆ ಅದು ಮೀಟರ್ ವೈರಿನದ್ದೇ. ಮುಂದಿನ ರೀಡಿಂಗ್‌ನಿಂದ ಕಳೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಟರ್ಮಿನಲ್‌ನ ಕಿಲುಬನ್ನು ಎಮರಿ ಪೇಪರ್‌ನಿಂದ ಉಜ್ಜಿ, ಪ್ಲಸ್ ಮೈನಸ್ ನಡುವೆ ಅಳೆಯಿರಿ. ಪಾಯಿಂಟ್ಸ್ (ಕಾಯಿಲ್‌ನ ಕರೆಂಟ್ ಕಡಿದು ಜೋಡಿಸುವ ಸ್ವಿಚ್) ಇರುವ 12 ವೋಲ್ಟ್ ಗಾಡಿಯಲ್ಲಿ ಸುಮಾರು 3 ಓಮ್, ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇದ್ದರೆ ಸುಮಾರು 1.5. ಬ್ಯಾಲಸ್ಟ್ ಇಲ್ಲದ ಗಾಡಿಗೆ 1.5ರ ಕಾಯಿಲ್ ಹಾಕಿದರೆ ಕರೆಂಟ್ ಜಾಸ್ತಿ ಹರಿದು ಪಾಯಿಂಟ್ಸ್ ಸುಡುತ್ತವೆ, ಕಾಯಿಲ್ಲೂ ಕಾಯುತ್ತದೆ.

ಸೆಕೆಂಡರಿಗೆ, ಅಂದರೆ ಹೈ ವೋಲ್ಟೇಜ್ ಕೊಡುವ ಒಳಸುತ್ತಿಗೆ, 20 ಕಿಲೋಓಮ್ ರೇಂಜ್. ಒಂದು ಪ್ರೋಬ್ ಎಚ್‌ಟಿ ವೈರ್ ಕಿತ್ತ ನಡುವಿನ ತೂತಿನೊಳಗಿನ ಹಿತ್ತಾಳೆಗೆ ತಾಗಲಿ, ಇನ್ನೊಂದು ಸಣ್ಣ ಟರ್ಮಿನಲ್‌ಗೆ. ಸಾಮಾನ್ಯವಾಗಿ 6ರಿಂದ 15 ಕಿಲೋಓಮ್. ಖಚಿತ ಅಂಕಿಗೆ ಗಾಡಿಯ ಮ್ಯಾನುಯಲ್ಲೇ ಪ್ರಮಾಣ. ಓಎಲ್ (ರೇಂಜ್ ಮೀರಿದೆ ಎಂಬ ಮೀಟರಿನ ಗುರುತು) ಬಂದರೆ ಒಳಗೆ ತಂತಿ ತುಂಡಾಗಿದೆ. ತೀರಾ ಕಡಿಮೆಯಾದರೆ ಸುತ್ತುಗಳು ಶಾರ್ಟ್. ಟರ್ಮಿನಲ್‌ನಿಂದ ಲೋಹದ ಡಬ್ಬಿಗೆ ಮಾತ್ರ ಓಎಲ್ ಬರಲೇಬೇಕು.

ತಣ್ಣಗಿದ್ದಾಗ ಎಲ್ಲ ಸರಿ, ಅರ್ಧ ಗಂಟೆ ಓಡಿಸಿದ ಮೇಲೆ ಮಿಸ್ಸಿಂಗ್ (ಎಂಜಿನ್ ತಡವರಿಸುವುದು)? ಬಿಸಿಯಿದ್ದಾಗಲೇ ಮತ್ತೆ ಅಳೆಯಿರಿ. ತಾಮ್ರ ಕಾದಾಗ ಓಮ್ ತುಸು ಏರುವುದು ಸಹಜ. ಅಂಕಿ ಒಮ್ಮೆಲೇ ಹಾರಿದರೆ ಕಾಯಿಲ್ ಬದಲಿಸಿ. ಓಮ್ ಸರಿಯಿದ್ದೂ ಹೈ ವೋಲ್ಟೇಜಿನಲ್ಲಿ ಇನ್ಸುಲೇಷನ್ ಸೋರಬಹುದು. ಅದು ಮೀಟರ್‌ಗೆ ಸಿಗದು, ಸ್ಪಾರ್ಕ್ ಟೆಸ್ಟರ್ ಬೇಕು.