ಪ್ರತಿಭಾವಂತ ಮಗುವನ್ನು ಗುರುತಿಸುವುದು ಹೇಗೆ?

ಮೊದಲು ಅಂಕಪಟ್ಟಿ ಪಕ್ಕಕ್ಕಿಡಿ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ತೊಂಬತ್ತೈದು ತಂದವರೇ ಪ್ರತಿಭಾವಂತರು, ಅರವತ್ತು ತಂದವರಿಗೆ ಟ್ಯೂಷನ್ ಅಂತ ತೀರ್ಮಾನ ಆಗಿಬಿಡುತ್ತದೆ. ಹೇಳಿಕೊಟ್ಟಿದ್ದನ್ನು ಚೆನ್ನಾಗಿ ಒಪ್ಪಿಸುವುದು ಒಳ್ಳೆಯದೇ, ಆದರೆ ನಾವು ಹುಡುಕುತ್ತಿರುವುದು ಅದಲ್ಲ.

ಎರಡನೆಯದು, ಒಂದು ನೋಟ್‌ಬುಕ್ ಇಡಿ. ಮಗು ಕೇಳಿದ್ದನ್ನು ಅದರ ಮಾತಲ್ಲೇ, ದಿನಾಂಕ ಹಾಕಿ ಬರೆಯಿರಿ.

ಮೂರನೆಯದು ಆ ಪ್ರಶ್ನೆಗಳನ್ನು ತೂಗಿ ನೋಡುವುದು. ಜಾಸ್ತಿ ಜನ ಎಡವುವುದು ಇಲ್ಲೇ. ದುರ್ಗದ ಕೋಟೆಗೆ ಕರೆದುಕೊಂಡು ಹೋಗಿ, ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ ಅಂತ ಹೇಳಿ. ಒಂದು ಮಗು ಹೆಸರು ಬರೆದುಕೊಳ್ಳುತ್ತದೆ. ಇನ್ನೊಂದು, "ಮೇಲಿಂದು ತುಂಬದೇ ಇದ್ದ ವರ್ಷ ಕೆಳಗಿನೋರು ಏನ್ ಮಾಡ್ತಿದ್ರು?" ಅನ್ನುತ್ತದೆ. ಉತ್ತರ ಕೊಟ್ಟರೂ ಬಿಡುವುದಿಲ್ಲ, ಸಂಜೆ ಹಿತ್ತಲಲ್ಲಿ ಮೇಲೊಂದು ಕೆಳಗೊಂದು ಗುಂಡಿ ತೋಡಿ, ಚೊಂಬಲ್ಲಿ ನೀರು ಸುರಿದು, ಊಟಕ್ಕೆ ಕೂಗಿದರೂ ಕಿವಿಗೆ ಹಾಕಿಕೊಳ್ಳದೆ ಕೂತಿರುತ್ತದೆ. ಗಮನಿಸಬೇಕಾದ್ದು ಈ ಪಟ್ಟನ್ನು. ಪ್ರತಿಭಾವಂತ ಮಕ್ಕಳ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ಜೋಸೆಫ್ ರೆನ್‌ಜುಲ್ಲಿ 1978ರಲ್ಲಿ ಹೇಳಿದ್ದೂ ಹೀಗೇ: ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ, ಹೊಸದಾಗಿ ಯೋಚಿಸುವ ಗುಣ, ಹಿಡಿದ ಕೆಲಸ ಬಿಡದ ಛಲ, ಮೂರೂ ಕೂಡಬೇಕು.

ಇದೇ ಮಗು ತರಗತಿಯಲ್ಲಿ ತಲೆನೋವು ಅನ್ನಿಸಬಹುದು. ಲೆಕ್ಕವನ್ನು ಮನಸ್ಸಲ್ಲೇ ಮಾಡಿ ಬರೀ ಉತ್ತರ ಬರೆಯುತ್ತದೆ, ಅಂಕ ಹೋಗುತ್ತದೆ. ಬೇಗ ಮುಗಿಸಿ ಪಕ್ಕದವರನ್ನು ಮಾತಿಗೆಳೆಯುತ್ತದೆ. ದೊಡ್ಡವರ ಹಾಗೆ ವಾದ ಮಾಡಿ, ಪೆನ್ಸಿಲ್ ಕಳೆದಿದ್ದಕ್ಕೆ ಗೊಳೋ ಅಂತ ಅಳುತ್ತದೆ. ಬುದ್ಧಿ ಬೆಳೆದಷ್ಟೇ ವೇಗದಲ್ಲಿ ಮನಸ್ಸು ಬೆಳೆದಿರುವುದಿಲ್ಲ, ಅಷ್ಟೇ. ಬೈಯಬೇಡಿ.

ಎಷ್ಟೋ ಹೆಣ್ಣುಮಕ್ಕಳು ಉತ್ತರ ಗೊತ್ತಿದ್ದರೂ, ಎದ್ದು ಕಾಣಬಾರದು ಅಂತ ಸುಮ್ನಿದ್ದುಬಿಡುತ್ತಾರೆ. ಮನೆಯಲ್ಲಿ ಲಂಬಾಣಿ, ಉರ್ದು ಆಡುವ ಮಕ್ಕಳು ಕನ್ನಡದಲ್ಲಿ ತಡವರಿಸಿದರೆ ದಡ್ಡರು ಅಂದುಬಿಡುತ್ತೇವೆ. ಮಾತು ಹೆಚ್ಚು ಬೇಡದ ಕೆಲಸದಲ್ಲಿ ಅವರನ್ನು ಗಮನಿಸಿ: ಕೈಗೆ ಹಾಳಾದ ಟಾರ್ಚ್ ಕೊಟ್ಟು ನೋಡಿ, ಅಥವಾ ಚೌಕಾಬಾರ ಆಡಿಸಿ.

ಬೆರಳಚ್ಚು ನೋಡಿ ಬುದ್ಧಿ ಹೇಳುತ್ತೇವೆ, ಕಣ್ಣು ಕಟ್ಟಿ ಓದಿಸುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಅದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ. ಐಕ್ಯೂ ಪರೀಕ್ಷೆ ಬೇಕೆಂದರೆ ಮನಃಶಾಸ್ತ್ರಜ್ಞರ ಹತ್ತಿರವೇ ಮಾಡಿಸಿ. 130 ದಾಟಿದರೆ ಸಾಮಾನ್ಯವಾಗಿ ಪ್ರತಿಭಾವಂತ ಅನ್ನುತ್ತಾರೆ, ಆದರೆ ಆ ಒಂದು ಅಂಕಿಯನ್ನೇ ನಂಬಿ ಕೂರಬೇಡಿ.

ಕೊನೆಯದು, ಮೇಷ್ಟ್ರ ಹತ್ತಿರ ಹೋಗಿ "ನಮ್ಮ ಹುಡುಗಿ ಬಹಳ ಜಾಣೆ" ಅನ್ನುವ ಬದಲು ನೋಟ್‌ಬುಕ್ ತೋರಿಸಿ. ಐದನೇ ತರಗತಿಯಲ್ಲಿದ್ದರೆ ನವೋದಯ ಪರೀಕ್ಷೆ ಬರೆಸಿ. ಸರ್ಕಾರಿ ಅಥವಾ ಅನುದಾನಿತ ಶಾಲೆಯ ಎಂಟನೇ ತರಗತಿಯಾದರೆ ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಆದಾಯದ ಮಿತಿಯೊಳಗಿದ್ದು ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಅರ್ಜಿಯ ಬಗ್ಗೆ ಮುಖ್ಯ ಶಿಕ್ಷಕರನ್ನು ಈಗಲೇ ಕೇಳಿ.